ಲೈಸೆನ್ಸ್ ಫೀ ಏರಿಸ್ತಾರಂತ, ಶಟಲ್ ಕೋರ್ಟಿಗೂ ರೊಕ್ಕ ಅಂತ: ಇದನ್ನೆಲ್ಲಾ ಯಾರು ಠರಾಯಿಸ್ತಾರ?

ಪ್ರಶ್ನೆ: ನಮಸ್ಕಾರ ಸರ್. ನಾವು ಕಲಬುರಗಿಯಾಗ ಮನಿ ಮುಂದಿನ ಎರಡು ಖೋಲಿಯೊಳಗ ಸಣ್ಣ ರೊಟ್ಟಿ ಖಾನಾವಳಿ ನಡಸ್ತೀವಿ, ನಾಕು ವರ್ಷ ಆತು. ನಮ್ಮ ತಮ್ಮ ಸಂಜಿಕಡೆ ಮಿರ್ಚಿ ಭಜಿ ಬಂಡಿ ಹಚ್ತಾನ. ಓಣಿ ವಾಟ್ಸಾಪ್ ಗ್ರೂಪಿನಾಗ ಒಂದು ಮೆಸೇಜ್ ತಿರಗಾಡ್ಲತ್ತದ: ಏಪ್ರಿಲ್‌ದಿಂದ ಟ್ರೇಡ್ ಲೈಸೆನ್ಸ್ ಡಬಲ್ ಅಂತ, ಬಂಡಿಗೆ ದಿನಾ ವಸೂಲಿ ಅಂತ, ಪಾರ್ಕಿಗೂ ಶಟಲ್ ಕೋರ್ಟಿಗೂ ಟಿಕೇಟು ಅಂತ. ಮಗ ಹತ್ತನೇತ್ತ ಅದಾನ, ದಿನಾ ಶಟಲ್ ಆಡ್ಲಾಕ ಹೋಗ್ತಾನ. ಇದೆಲ್ಲಾ ಖರೇನಾ? ಕಾರ್ಪೊರೇಟರ್‌ಗಳು ಕೈ ಎತ್ತಿದ್ರ ಮುಗೀತಾ, ನಾವು ಬ್ಯಾಡ ಅನ್ಲಾಕ ಬರ್ತದೋ ಇಲ್ಲೋ?

ಉತ್ತರ: ನೋಡ್ರಿ ತಂಗಿ, ಆ ಮೆಸೇಜಿನಾಗ ಮೂರು ಬ್ಯಾರೆ ಬ್ಯಾರೆ ಸುದ್ದಿ ಕಲಿಸಿ ಒಂದೇ ಉಂಡಿ ಕಟ್ಯಾರ. ಖಾನಾವಳಿ ಲೈಸೆನ್ಸಿನ ಕಾನೂನು ಬ್ಯಾರೆ, ತಮ್ಮನ ಬಂಡಿದು ಬ್ಯಾರೆ, ಮಗನ ಶಟಲ್ ಕೋರ್ಟಂತೂ ಪೂರಾ ಬ್ಯಾರೆ ಲೆಕ್ಕ. ನಾ ನಗರಾಡಳಿತದ ರೆವಿನ್ಯೂ ಸೆಕ್ಷನ್‌ದಾಗ ಕೂದಲ ಬೆಳ್ಳಗ ಮಾಡ್ಕೊಂಡಾಂವ, ಇಂಥ ಮೆಸೇಜ್ ಪ್ರತಿವರ್ಷ ಜನೆವರಿ ಫೆಬ್ರವರಿಗೆ ಹುಟ್ಟಿ ಏಪ್ರಿಲ್‌ಗೆ ಸಾಯ್ತಾವ. ಅರ್ಧ ಖರೆ ಇರ್ತದ, ಯಾಕಂದ್ರ ಅದೇ ಟೈಮಿನಾಗ ಪಾಲಿಕೆ ಬಜೆಟ್ ತಯಾರ ಆಗ್ತದ. ಹಿಂಗಾಗಿ "ಖರೇನಾ ಸುಳ್ಳಾ" ಅಂತ ಕೇಳೋದು ಬಿಟ್ಟು "ಠರಾವಿನ ನಂಬರ್ ಎಷ್ಟು, ತಾರೀಖ ಯಾವುದು" ಅಂತ ಕೇಳ್ರಿ (ಠರಾವು ಅಂದ್ರ ಸಭೆಯಾಗ ಪಾಸ್ ಆಗಿ ಬರದಿಟ್ಟ ನಿರ್ಣಯ). ಇದೊಂದು ಮಾತು ಕೇಳಿದ್ರ ಗ್ರೂಪಿನಾಗಿನ ಮಂದಿ ಸುಮ್ಮಾಗ್ತಾರ, ಆಫೀಸಿನ ಮಂದಿ ಸೀದಾ ಕೂಡ್ತಾರ.

ಯಾರು ಠರಾಯಿಸ್ತಾರ ಅನ್ನೋದು ಮೊದಲ ತಿಳ್ಕೊಳ್ರಿ, ಇಲ್ಲೇ ಎಲ್ಲರೂ ಎಡವತಾರ. ಕಲಬುರಗಿ ಮಹಾನಗರ ಪಾಲಿಕೆ, 55 ವಾರ್ಡು, ಕರ್ನಾಟಕ ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆ 1976ರ ಕೆಳಗ ನಡೀತದ (ಯಾದಗಿರಿ ಹಂಗಲ್ಲ, ಅದು ನಗರಸಭೆ, ಅದಕ್ಕ 1964ರ ಮುನ್ಸಿಪಾಲಿಟಿ ಕಾಯ್ದೆ, ಹಿಂಗಾಗಿ ಅಲ್ಲಿನ ಬೀಗರು ಹೇಳಿದ್ದು ಇಲ್ಲಿಗೆ ಹಚ್ಚಬ್ಯಾಡ್ರಿ). ಇದರಾಗ ಎರಡು ಕೈ ಅವ. ಫೀ ದರ ಮಂಜೂರ ಮಾಡೋದು ಕೌನ್ಸಿಲ್, ಅಂದ್ರ ಮೇಯರ್ ಕೂತು ನಡಸೋ ಸಾಮಾನ್ಯ ಸಭೆ. ನಿಮ್ಮ ಹೆಸರಿಗೆ ಲೈಸೆನ್ಸ್ ಕೊಡೋದು, ತಡಿಯೋದು, ರದ್ದ ಮಾಡೋದು ಕಮಿಷನರ್ ಕೆಲಸ, ಅವರ ಪರವಾಗಿ ಆರೋಗ್ಯ ಶಾಖೆಯವರು ಬಂದು ನೋಡ್ತಾರ. ಅಂದ್ರ "ನಮ್ಮ ಕಾರ್ಪೊರೇಟರ್‌ಗೆ ಹೇಳಿ ಲೈಸೆನ್ಸ್ ಮಾಡಸ್ತೀನಿ" ಅನ್ನೋ ಏಜೆಂಟ್ ಸುಳ್ಳ ಹೇಳ್ಲತ್ತಾನ, "ಕಮಿಷನರ್‌ಗೆ ಹೇಳಿ ಫೀ ಕಮ್ಮಿ ಮಾಡಸ್ತೀನಿ" ಅನ್ನಾಂವನೂ ಸುಳ್ಳ ಹೇಳ್ಲತ್ತಾನ. ದರದ ತಕರಾರಿದ್ರ ಕಾರ್ಪೊರೇಟರ್ ಹತ್ರ ಹೋಗ್ರಿ, ಲೈಸೆನ್ಸಿನ ತಕರಾರಿದ್ರ ಆಫೀಸಿಗೆ ಹೋಗ್ರಿ.

ಚುನಾಯಿತ ಕೌನ್ಸಿಲ್ ಇಲ್ಲದಾಗ? ಅವಾಗ ಸರ್ಕಾರದ ಆಡಳಿತಾಧಿಕಾರಿನೇ ಕೌನ್ಸಿಲ್ ಇದ್ದಂಗ. ನಮ್ಮ ಊರಾಗೇ ಕಂಡೀವಿ, 2021ರ ಸೆಪ್ಟೆಂಬರ್‌ಗೆ ಎಲೆಕ್ಷನ್ ಆತು, ಮೇಯರ್ ಆಯ್ಕೆ ಆಗಿದ್ದು 2023ರ ಮಾರ್ಚ್‌ಗೆ. ಗೆದ್ದ ಮಂದಿ ಒಂದೂವರಿ ವರ್ಷ ಖುರ್ಚಿ ಹಾದಿ ನೋಡಿದ್ರು. ಅಂಥ ಹೊತ್ತಿನಾಗೂ ಆಫೀಸ್ ಕೆಲಸ ನಿಲ್ಲಂಗಿಲ್ಲ, ಫೀ ವಸೂಲಿನೂ ನಿಲ್ಲಂಗಿಲ್ಲ.

ಈಗ ನಿಮ್ಮ ಖಾನಾವಳಿ. ಟ್ರೇಡ್ ಲೈಸೆನ್ಸ್ ಅನ್ನೋದು ಆ ಕಾಯ್ದೆಯ 353ನೇ ಕಲಮಿನದು. ಯಾವ್ಯಾವ ಧಂದೆಕ್ಕ ಲೈಸೆನ್ಸ್ ಬೇಕು ಅನ್ನೋ ಯಾದಿ ಕಾಯ್ದೆ ಹಿಂದಿನ ಅನುಸೂಚಿಯಾಗ ಅದ. ಬೆಂಕಿ, ಹೊಗಿ, ಧೂಳ, ವಾಸನಿ, ಗದ್ದಲ, ಹೊಲಸ ನೀರು ಇವುಗಳಿಂದ ಮಗ್ಗಲ ಮನಿಯವರಿಗೆ ತ್ರಾಸ ಆಗೋ ಧಂದೆ ಅಂತ ತಿಳ್ಕೊಳ್ರಿ. ದಾಲ್ ಮಿಲ್, ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ, ಲಾಡ್ಜು, ಹೋಟೆಲು. ಮಷೀನ್ ಇದ್ರ ಎಷ್ಟು ಹಾರ್ಸ್‌ಪವರ್ ಅನ್ನೋದೂ ಲೆಕ್ಕಕ್ಕ ಬರ್ತದ, ಅದಕ್ಕೇ ನಮ್ಮ ತೊಗರಿ ಮಿಲ್ಲಿನವರ ಫೀ ನಿಮ್ಮ ಫೀಗಿಂತ ಭಾಳ ಬ್ಯಾರೆ ಇರ್ತದ. ರೊಟ್ಟಿ ಖಾನಾವಳಿ ಅಂದ್ರ ಒಲಿ ಅದ, ಗ್ಯಾಸ್ ಅದ, ಮುಸುರಿ ನೀರ ಅದ, ಹಿಂಗಾಗಿ ನಿಮಗ ಬೇಕೇ ಬೇಕು. ನಾಕು ವರ್ಷ ಆತು ಅಂದ್ರಿ, ಲೈಸೆನ್ಸ್ ಅದ ಅಂತ ಎಲ್ಲೂ ಬರೀಲಿಲ್ಲ, ನನಗ ಡೌಟ್ ಬಂತು. ಇಲ್ಲಂದ್ರ ದರ ಏರೋ ಚಿಂತಿಗಿಂತ ಮೊದಲ ಅದನ್ನ ಮಾಡಸ್ಕೊಳ್ರಿ.

ಲೈಸೆನ್ಸಿನ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಡಿಸೆಂಬರ್‌ದಾಗ ತಗೊಂಡ್ರೂ ಮಾರ್ಚ್‌ಗೆ ಮುಗೀತದ, ಇದು ಗೊತ್ತಿಲ್ಲದ ಮಂದಿ "ಮೂರ ತಿಂಗಳ ಹಿಂದ ಕಟ್ಟೀನಲ್ರಿ" ಅಂತ ಕೌಂಟರ್‌ದಾಗ ಜಗಳ ಆಡ್ತಾರ. ಹೊಸದಾಗಿ ತಗೊಳ್ಳೋರು ಹಿಂಗಾಗಿ ಏಪ್ರಿಲ್ ಮೇ ತಿಂಗಳಾಗ ತಗೊಂಡ್ರ ಫಾಯಿದಾ. ಇನ್ನೊಂದು, ರೊಕ್ಕ ಕಟ್ಟಿದ ರಸೀದಿ ಲೈಸೆನ್ಸ್ ಅಲ್ಲ. ಫೀ ತಗೊಂಡ ಮಾತ್ರಕ್ಕ ಲೈಸೆನ್ಸ್ ಕೊಡ್ಲೇಬೇಕು ಅಂತ ಇಲ್ಲ, ಕಮಿಷನರ್ ಸಹಿ ಇರೋ ಹಾಳಿ ಕೈಗೆ ಬಂದಾಗಷ್ಟೇ ಲೈಸೆನ್ಸು. ನಾ ಎಷ್ಟೋ ಅಂಗಡಿಯಾಗ ನೋಡೀನಿ, ರಸೀದಿಗೆ ಚೌಕಟ್ಟು ಹಾಕಸಿ, ದೇವರ ಫೋಟೋ ಮಗ್ಗಲದಾಗ ತೂಗ ಹಾಕಿ, ಊದಿನಕಡ್ಡಿ ಬೆಳಗ್ತಿರ್ತಾರ.

ಟ್ರೇಡ್ ಲೈಸೆನ್ಸ್ ಸಕಾಲ ಯೋಜನೆಯೊಳಗ ಬರ್ತದ, ಅಂದ್ರ ಸರ್ಕಾರಿ ಕೆಲಸ ಗೊತ್ತು ಮಾಡಿದ ದಿನದೊಳಗ ಆಗಬೇಕು ಅನ್ನೋ ಯೋಜನೆ. ಅರ್ಜಿ ಕೊಟ್ಟಾಗ ಸಕಾಲ ನಂಬರ್ ಇರೋ ಸ್ವೀಕೃತಿ ತಗೊಳ್ರಿ. ಟೈಮಿನೊಳಗ ಕೆಲಸ ಆಗಲಿಲ್ಲ ಅಂದ್ರ ದಿನಕ್ಕ 20 ರೂಪಾಯಿ ಪ್ರಕಾರ 500 ರೂಪಾಯಿ ತನಕ ಪರಿಹಾರ ಕೇಳ್ಲಾಕ ಬರ್ತದ. 500 ರೂಪಾಯಿ ದೊಡ್ಡದಲ್ಲ, ಆದ್ರ ಆ ನಂಬರ್ ಇದ್ರ ಪೈಲ್ ಟೇಬಲ್ ಕೆಳಗ ಹೋಗಂಗಿಲ್ಲ. ಅರ್ಜಿ ತಿರಸ್ಕಾರ ಆದ್ರ ಕಾರಣ ಬರವಣಿಗಿಯಾಗ ಕೇಳ್ರಿ. ಪಾಲಿಕೆಯಾಗ ನಾಕು ಸ್ಥಾಯಿ ಸಮಿತಿ ಇರ್ತಾವ, ಅದರಾಗ ಒಂದರ ಹೆಸರೇ ತೆರಿಗೆ, ಹಣಕಾಸು ಮತ್ತು ಅಪೀಲುಗಳ ಸ್ಥಾಯಿ ಸಮಿತಿ. ಅಪೀಲು ಅನ್ನೋ ಪದ ಹೆಸರಿನಾಗೇ ಅದ, ಆದ್ರೂ ಅಲ್ಲಿ ತನಕ ಹೋಗೋರು ಬೆರಳೆಣಿಕೆ ಮಂದಿ.

ಮತ್ತ, ಎಲ್ಲಾ ಲೈಸೆನ್ಸೂ ಪಾಲಿಕೆದಲ್ಲ. ಊಟಕ್ಕ ಎಫ್‌ಎಸ್‌ಎಸ್‌ಎಐ ನೋಂದಣಿ ಬ್ಯಾರೆ, ಅದು ಆಹಾರ ಸುರಕ್ಷತಾ ಇಲಾಖೆದು. ಅಂಗಡಿ ಮುಂಗಟ್ಟು ನೋಂದಣಿ ಕಾರ್ಮಿಕ ಇಲಾಖೆದು. ಬಾರ್ ಲೈಸೆನ್ಸ್ ಅಬಕಾರಿದು. ನಿಮ್ಮ ಓಣಿಯಾಗ ಬಾರ್ ಬಂತು ಅಂತ ಕಾರ್ಪೊರೇಟರ್ ಮನಿ ಮುಂದ ಕುಂತ್ರ ಅವರು ಅಬಕಾರಿಯವರಿಗೆ ಒಂದು ಪತ್ರ ಬರೀಬೌದು ಅಷ್ಟೇ.

ಡಬಲ್ ಮಾಡ್ಲಾಕ ಬರ್ತದೇನು? ಇದು ಬರೋಬರಿ ಪ್ರಶ್ನೆ. ಫೀ ಅಂದ್ರೇನು, ಟ್ಯಾಕ್ಸ್ ಅಂದ್ರೇನು ಅನ್ನೋದಕ್ಕ ಈ ದೇಶದಾಗ ಅಡಿಗಲ್ಲು ಹಾಕಿದ್ದು ನಮ್ಮ ಉಡುಪಿ ಶಿರೂರು ಮಠದ ಕೇಸು, 1954ರ ಸುಪ್ರೀಂ ಕೋರ್ಟ್ ತೀರ್ಪು. ಟ್ಯಾಕ್ಸ್ ಎಲ್ಲರ ಖರ್ಚಿಗೆ ಎಲ್ಲರ ಕಡಿಂದ ತಗೊಳ್ಳೋದು, ಫೀ ಅಂದ್ರ ಏನರ ಸೇವಾ ಕೊಟ್ಟು ಅದರ ಬದಲಿಗೆ ತಗೊಳ್ಳೋದು ಅಂತ ಅವಾಗ ಹೇಳಿದ್ರು. ಇದನ್ನ ಹಿಡಕೊಂಡು ವ್ಯಾಪಾರಸ್ಥರು "ನಮಗೇನ ಸೇವಾ ಕೊಟ್ಟೀರಿ, ಫೀ ಯಾಕ" ಅಂತ ಕೇಳ್ಕೋತ ಬಂದ್ರು. ಆದ್ರ ಕಲ್ಕತ್ತಾದಾಗ ಒಂದು ಸಿನೆಮಾ ಟಾಕೀಸಿನ ಲೈಸೆನ್ಸ್ ಫೀ ವರ್ಷಕ್ಕ 400 ರೂಪಾಯಿ ಇದ್ದದ್ದು ಸೀಟ್ ಲೆಕ್ಕಕ್ಕ ಬದಲಾಗಿ 6,000 ಆತು, ಅವರು ಕೋರ್ಟಿಗೆ ಹೋದ್ರು, ಸುಪ್ರೀಂ ಕೋರ್ಟ್‌ದಾಗ ಕಡೀಗೆ ಕಾರ್ಪೊರೇಷನ್ನೇ ಗೆದ್ದಿತು, ಇದು ಹೆಸರಿಗೆ ಫೀ ಆದ್ರೂ ಖರೆ ಅಂದ್ರ ಟ್ಯಾಕ್ಸ್, ಹಾಕೋ ಅಧಿಕಾರ ಅವರಿಗೆ ಅದ ಅಂತ. ನಮಗ ಇನ್ನೂ ಹತ್ತಿರದ್ದು ಹೈದರಾಬಾದಿನ ಹೋಟೆಲ್ ಮಾಲೀಕರ ಕೇಸು, 1999ರದು. ಅಲ್ಲಿ ಕೋರ್ಟ್ ಹೇಳಿದ್ದು ಏನಂದ್ರ, ಲೈಸೆನ್ಸ್ ಫೀ ನಿಯಂತ್ರಣದ ಸಲುವಾಗಿ ಇರೋದು, ತಪಾಸಣಿ ಮಾಡೋದು, ನಿಗಾ ಇಡೋದು, ಇದಕ್ಕ ಪೈಸಾಕ್ಕ ಪೈಸಾ ಸೇವಾ ತೋರಸೋ ಜರೂರಿಲ್ಲ, ಆದ್ರ ಫೀ ಮಿತಿ ಮೀರಿರಬಾರ್ದು.

ನಿಮಗ ಇದರಿಂದ ಏನು ಅಂದ್ರ, "ನಮ್ಮ ಓಣಿ ಗಟಾರ ತುಂಬ್ಯದ, ಹಿಂಗಾಗಿ ಲೈಸೆನ್ಸ್ ಫೀ ಕೊಡಂಗಿಲ್ಲ" ಅನ್ನೋ ವಾದ ನಿಲ್ಲಂಗಿಲ್ಲ. "ಎರಡು ಖೋಲಿ ಖಾನಾವಳಿಗೂ ಎಸಿ ರೆಸ್ಟೋರೆಂಟಿಗೂ ಒಂದೇ ದರ ಹಾಕೀರಿ, ಇದು ಸರಿನಾ" ಅನ್ನೋ ವಾದ ನಿಲ್ತದ. ನಾನು ಆಫೀಸಿನ ಪರವಾಗಿ ಇಂಥ ಹಿಯರಿಂಗ್ ಭಾಳ ಕುಂತೀನಿ. ಒದರಾಡಿದವರಿಗಿಂತ ಚದರ ಅಡಿ ಅಳತಿ ಹಿಡಕೊಂಡು ಬಂದಾವರು ನಮ್ಮನ್ನ ಹೆಚ್ಚು ಅಂಜಿಸ್ತಿದ್ರು.

ತಮ್ಮನ ಬಂಡಿಗೆ ಬರೋಣ. ಬಂಡಿಗೆ ಟ್ರೇಡ್ ಲೈಸೆನ್ಸ್ ಲೆಕ್ಕ ಹಚ್ಚಬ್ಯಾಡ್ರಿ, ಅವನಿಗೆ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಅದ. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಾಗ ಕಮ್ಮಿ ಅಂದ್ರೂ ನೂರಕ್ಕ 40 ಮಂದಿ ವ್ಯಾಪಾರಿಗಳೇ ಇರಬೇಕು, ಅವರೊಳಗ ಮೂರರಾಗ ಒಂದು ಪಾಲು ಹೆಣ್ಣಮಕ್ಕಳು. ಐದು ವರ್ಷಕ್ಕೊಮ್ಮಿ ಸರ್ವೆ. ಸರ್ವೆ ಮುಗಿದು ಸರ್ಟಿಫಿಕೇಟ್ ಕೊಡೋ ತನಕ ಇದ್ದಾವರನ್ನ ಎಬ್ಬಿಸಬಾರ್ದು, ಆಮ್ಯಾಲ ಜಾಗ ಬದಲಿ ಮಾಡಬೇಕಂದ್ರೂ 30 ದಿನದ ನೋಟೀಸ್. ಸಾಮಾನ ಎತ್ಕೊಂಡು ಹೋದ್ರ ಯಾದಿ ಬರದು ಸಹಿ ಹಾಕಿ ಕೊಡಬೇಕು, ಕೆಡೋ ಸಾಮಾನಿದ್ರ ಬಿಡಸ್ಕೊಳ್ಲಾಕ ಹೋದ ದಿನಾನೇ ವಾಪಸ್ ಕೊಡಬೇಕು. ಮಿರ್ಚಿ, ಕಡ್ಲಿ ಹಿಟ್ಟು ಕಲಿಸಿದ್ದು ಕೆಡೋ ಸಾಮಾನಲ್ಲದ ಮತ್ತೇನು! ತಮ್ಮನ ಹತ್ರ ವ್ಯಾಪಾರಿ ಕಾರ್ಡ್ ಅದನೋ ಇಲ್ಲೋ ಕೇಳ್ರಿ, ಇಲ್ಲಂದ್ರ ಸರ್ವೆ ಬಂದ ದಿನ ಅಂವ ಬಂಡಿ ಮುಂದೇ ಇರಬೇಕು, ಛಾ ಕುಡ್ಯಾಕ ಹೋಗಿರಬಾರ್ದು.

ದಿನಾ ವಸೂಲಿ, ನಮ್ಮ ಕಡಿ ಮಂದಿ ಇನ್ನಾ ತೈಬಜಾರಿ ಅಂತಾರಲ್ಲ, ನಿಜಾಮನ ಕಾಲದ ಹೆಸರು, ರಾಜ್ಯ ಹೋತು ಹೆಸರು ಉಳೀತು. ಇದರ ಬಗ್ಗೆ ನನ್ನದೇ ಒಂದು ಮಾತು ಹೇಳ್ತೀನಿ. ನೌಕರಿ ಸೇರಿದ ಹೊಸದಾಗ ಒಂದು ಸಣ್ಣ ಊರಿನ ಪುರಸಭೆಯಾಗ ಇದ್ದೆ, ಊರ ಹೆಸರು ಬ್ಯಾಡ. ಸಂತಿ ದಿನ ಗುತ್ತಿಗೆದಾರನ ಹುಡುಗ ಬಳಿ ಮಾರೋ ಮುದುಕಿ ಹತ್ರ ಹತ್ತು ರೂಪಾಯಿ ತಗೊಂಡು ಐದು ರೂಪಾಯಿ ಚೀಟಿ ಹರದು ಕೊಟ್ಟ. ಮುದುಕಿಗೆ ಓದ್ಲಾಕ ಬರಲ್ಲ, ಆದ್ರ ಚೀಟಿ ಬಣ್ಣ ಗೊತ್ತು. ಐದರ ಚೀಟಿ ಗುಲಾಬಿ, ಹತ್ತರದು ಹಳದಿ. "ಗುಲಾಬಿ ಚೀಟಿಗಿ ಐದೇ ಕೊಡ್ತೀನಿ" ಅಂತ ಹಠ ಹಿಡಿದು ಆಫೀಸ್ ತನಕ ಬಂದ್ಳು, ಸೆರಗಿನ ಗಂಟಿನಾಗ ಆರು ತಿಂಗಳ ಚೀಟಿ ಕಟ್ಕೊಂಡು. ನಾ ಠರಾವು ಪುಸ್ತಕ ತೆಗದು ನೋಡಿದ್ರ ಬುಟ್ಟಿ ಇಟ್ಟು ಮಾರೋರಿಗೆ ಐದು, ಬಂಡಿಗೆ ಹತ್ತು. ಗುತ್ತಿಗೆದಾರ ತಿಂಗಳಗಟ್ಲೆ ಎಲ್ಲರನ್ನೂ ಬಂಡಿ ಮಾಡಿಬಿಟ್ಟಿದ್ದ. ಮುಂದ ಅವನಿಗೇನು ಆತು ಅಂದ್ರ ಏನೂ ಆಗಲಿಲ್ಲ, ಗುತ್ತಿಗಿ ಮುಗಿಯೋ ತನಕ ಅಂವನೇ ಇದ್ದ, ಮುದುಕಿ ಹತ್ರ ಮಾತ್ರ ಐದೇ ತಗೋತಿದ್ದ. ಅದಕ್ಕೇ ಹೇಳೋದು, ತಮ್ಮ ದಿನಾ ಕೊಡೋ ರೊಕ್ಕಕ್ಕ ಚೀಟಿ ತಗೊಳ್ಳಿ, ಚೀಟಿ ಮ್ಯಾಲ ದರ ಓದ್ಲಿ, ಎಸಿಬ್ಯಾಡ ಅನ್ರಿ.

ಈಗ ಪಾರ್ಕು, ಶಟಲ್ ಕೋರ್ಟು. ಇಲ್ಲಿ ಮೊದಲ ಪ್ರಶ್ನೆ, ಮಗ ಆಡೋ ಜಾಗ ಯಾರದು? ಇದನ್ನ ಯಾರೂ ಕೇಳಂಗಿಲ್ಲ. ಚಂದ್ರಶೇಖರ ಪಾಟೀಲ ಕ್ರೀಡಾಂಗಣ ಜಿಲ್ಲಾ ಕ್ರೀಡಾಂಗಣ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆದು, ಅಲ್ಲಿನ ದರ ಪಾಲಿಕೆ ಠರಾಯಿಸಂಗಿಲ್ಲ. ಎನ್.ವಿ. ಮೈದಾನ ನೂತನ ವಿದ್ಯಾಲಯ ಸಂಸ್ಥೆದು. ಕೆಲವು ಕೋರ್ಟು ಖಾಸಗಿಯವರವು, ಅವರ ದರಕ್ಕ ಯಾರೂ ಕೇಳೋರಿಲ್ಲ. ಪಾಲಿಕೆದೇ ಜಾಗ ಇದ್ರಷ್ಟೇ ಕೌನ್ಸಿಲ್ ಮಾತು ಬರ್ತದ. ಪಾರ್ಕು, ಆಟದ ಮೈದಾನ ನೋಡ್ಕೊಳ್ಳೋದು ಊರಿನ ಸ್ಥಳೀಯ ಸಂಸ್ಥೆ ಕೆಲಸ ಅಂತ ಸಂವಿಧಾನದ 74ನೇ ತಿದ್ದುಪಡಿಯ 12ನೇ ಅನುಸೂಚಿಯಾಗೇ ಬರದಾರ. ಕರ್ನಾಟಕದಾಗ 1985ರ ಪಾರ್ಕು, ಆಟದ ಮೈದಾನ ಮತ್ತು ಬಯಲು ಜಾಗ ರಕ್ಷಣೆ ಕಾಯ್ದೆನೂ ಅದ, ಅದು ಇಂಥ ಜಾಗ ಮಾರೋದಕ್ಕ, ಲೀಸಿಗೆ ಕೊಡೋದಕ್ಕ ಕಡಿವಾಣ ಹಾಕ್ತದ. "ಪಾರ್ಕು ಪ್ರೈವೇಟ್ ಆಗ್ಲತ್ತದ" ಅನ್ನೋ ಮೆಸೇಜ್ ಬಂದ್ರ ಈ ಕಾಯ್ದೆ ನೆನಪಿರಲಿ.

ಆಟಕ್ಕ ಫೀ ತಗೋಬಾರ್ದು ಅನ್ನೋ ಮಂದಿ ಜೋಡಿ ನಾನಿಲ್ಲ. ಸ್ವಿಮ್ಮಿಂಗ್ ಪೂಲಿನ ಲೆಕ್ಕ ಹಾಕಿ ತೋರಸ್ತೀನಿ. 25 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ ಒಂದೂವರಿ ಮೀಟರ್ ಆಳ ಹಿಡೀರಿ. 375 ಘನ ಮೀಟರ್, ಅಂದ್ರ 3,75,000 ಲೀಟರ್ ನೀರು, 5,000 ಲೀಟರಿನ ಟ್ಯಾಂಕರ್ 75. ಮೇ ತಿಂಗಳಾಗ ನಮ್ಮ ಬಿಸಲಿಗೆ ದಿನಕ್ಕ 8 ಮಿಲಿಮೀಟರ್ ಆವಿ ಆಗ್ತದ ಅಂತ ಹಿಡಿದ್ರೂ 2,000 ಲೀಟರ್ ಗಾಳಿಗೇ ಹೋತು, ಯಾರೂ ಇಳೀಲಾರದೇ. ಫಿಲ್ಟರ್ ಮೋಟಾರಿನ ಕರೆಂಟು, ಕ್ಲೋರಿನ್, ಮುಳುಗೋರನ್ನ ಎತ್ತೋ ಲೈಫ್ ಗಾರ್ಡ್ ಎರಡು ಪಾಳಿಗೆ. ಭೀಮಾ ನದಿ ಸರಡಗಿ ಬ್ಯಾರೇಜಿಂದ, ಬೆಣ್ಣೆತೊರಾದಿಂದ ನೀರ ಎತ್ತಿ ತರೋ ಊರು ನಮ್ಮದು, ಬ್ಯಾಸಿಗಿಯಾಗ ಓಣಿಗೆ ನೀರು ಯಾವಾಗ ಬರ್ತದ ಅಂತ ಕಾಯೋ ಹೆಣ್ಣಮಕ್ಕಳ ಟ್ಯಾಕ್ಸಿನಾಗ ಪೂಲ್ ಪುಕ್ಕಟ ನಡಸಬೇಕು ಅಂದ್ರ ನನಗ ಒಪ್ಪಂಗಿಲ್ಲ. ಪೂಲಿಗೆ ಫೀ ಇರಲಿ, ಚಲೋ ಇರಲಿ.

ಆದ್ರ ನಡದಾಡ್ಲಾಕ ಟಿಕೇಟ್ ಹಚ್ಚೋದು ನನಗ ಪೂರಾ ತಪ್ಪು ಅನಸ್ತದ. ಅಪ್ಪನ ಕೆರಿ ದಂಡಿಗೆ, ಪಬ್ಲಿಕ್ ಗಾರ್ಡನ್‌ದಾಗ ಮುಂಜಾನಿ ಐದೂವರಿಗೆ ಹೋಗಿ ನೋಡ್ರಿ, ಶುಗರ್ ಇದ್ದಾವರು, ಮೊಣಕಾಲ ನೋವಿನವರು, ನೈಟ್ ಡ್ಯೂಟಿ ಮುಗಿಸಿ ಕಲ್ಲಬೆಂಚಿನ ಮ್ಯಾಲ ಒರಗಿದ ಸೆಕ್ಯೂರಿಟಿ ಗಾರ್ಡು. ಅಲ್ಲಿ ಐದು ರೂಪಾಯಿ ಟಿಕೇಟ್ ಹಚ್ಚಿದ್ರ ಟಿಕೇಟ್ ಹರಿಯಾಂವನ ಪಗಾರನೇ ಹುಟ್ಟದ ದಿನಾ ಇರ್ತಾವ, ಮತ್ತ ಬರೋದು ನಿಲ್ಲಸೋದು ಬಡವರೇ, ಕಾರಿನಾಗ ಬರೋರಲ್ಲ.

ಶಟಲ್ ಕೋರ್ಟ್ ಇವೆರಡರ ನಡುವಿಂದು. ಡಬಲ್ಸ್ ಕೋರ್ಟ್ 13.4 ಮೀಟರ್ ಉದ್ದ, 6.1 ಅಗಲ, ಒಂದು ತಾಸಿಗೆ ನಾಕೇ ಮಂದಿ. ಫೀ ಇಲ್ಲಂದ್ರ ಸಂಜಿ ಆರರಿಂದ ಎಂಟರ ತನಕ ಅದೇ ನಾಕು ದೊಡ್ಡ ಮನಷ್ಯಾರು ಹಿಡಕೊಂಡು ಕೂಡ್ತಾರ, ನಿಮ್ಮ ಮಗ ಬ್ಯಾಟ್ ಹಿಡಕೊಂಡು ಗ್ವಾಡಿಗೆ ಒರಗಿ ನಿಲ್ತಾನ. ಹಿಂಗಾಗಿ ಇಲ್ಲಿ ಫೀ ಎಷ್ಟು ಅನ್ನೋದಕ್ಕಿಂತ ಹ್ಯಾಂಗ ಹಚ್ತಾರ ಅನ್ನೋದ ನೋಡ್ರಿ. ತಲಿಗಿಷ್ಟು ಅಂತನೋ, ಕೋರ್ಟಿಗೆ ತಾಸಿಗಿಷ್ಟು ಅಂತನೋ? ತಿಂಗಳ ಪಾಸ್ ಇದ್ದಾವರೇ ಎಲ್ಲಾ ಸ್ಲಾಟ್ ನುಂಗ್ತಾರೋ, ಇಲ್ಲಾ ದಿನಾ ಬರೋರಿಗೂ ಒಂದು ತಾಸು ಬಿಟ್ಟಾರೋ? ಸಾಲಿ ಹುಡುಗರಿಗೆ ಸಂಜಿ ನಾಕರಿಂದ ಆರು ಪುಕ್ಕಟನೋ ಅರ್ಧ ದರನೋ? ರಿಯಾಯಿತಿ ಠರಾವಿನಾಗೇ ಬರದಿರಬೇಕು, ಕೋರ್ಟ್ ಬಾಗಲದಾಗ ಕುಂತ ಹುಡುಗನ ಹತ್ರ "ಸ್ಟೂಡೆಂಟ್ ಅದಾನ್ರಿ" ಅಂತ ಕೈ ಮುಗದ್ರ ಅಂವ ಏನ ಮಾಡ್ತಾನ, ಅವನಿಗೆ ಬಿಡೋ ಅಧಿಕಾರ ಇಲ್ಲ. ಜಾಗ ಗುತ್ತಿಗಿಗೆ ಕೊಟ್ಟಿದ್ರ ಇನ್ನೂ ಹುಷಾರು, ಗುತ್ತಿಗಿ ಕರಾರಿನಾಗ ದರ ಎಷ್ಟದ ಅನ್ನೋದು ಬೋರ್ಡಿನ ಮ್ಯಾಲಿನ ದರಕ್ಕ ತಾಳ ಆಗ್ತದೋ ಇಲ್ಲೋ ನೋಡ್ರಿ. ಬೋರ್ಡ್ ಮ್ಯಾಲ ದರ ಬರದು ಠರಾವು ನಂಬರ್ ಬರೀದಿದ್ರ ನನಗಂತೂ ಅಲ್ಲೇ ಸಂಶಯ ಬರ್ತದ.

ಇನ್ನ ಬ್ಯಾಡ ಅನ್ಲಾಕ ಬರ್ತದೋ ಅಂದ್ರಲ್ಲ. ಬರ್ತದ, ಟೈಮಿಗೆ ಅಂದ್ರ. ಪಾಲಿಕೆ ಬಜೆಟ್ ಹೊಸ ಹಣಕಾಸು ವರ್ಷದ ಮೊದಲ ಪಾಸ್ ಆಗಬೇಕು, ಅದಕ್ಕಿಂತ ಮೊದಲ ಅದು ಆ ಹಣಕಾಸಿನ ಸ್ಥಾಯಿ ಸಮಿತಿ ಮುಂದ ಬರ್ತದ. ಅಲ್ಲಿ ಏಳೇ ಮಂದಿ ಸದಸ್ಯರು, ಟೇಬಲ್ ಸುತ್ತ ಕುಂತು ಮಾತಾಡೋ ಜಾಗ. ಸಾಮಾನ್ಯ ಸಭೆಯಾಗ 55 ಕಾರ್ಪೊರೇಟರ್‌ಗಳು, ಮ್ಯಾಲ ಎಂಎಲ್‌ಎ ಎಂಪಿಗಳು, ಅರ್ಧ ತಾಸು ಗದ್ದಲ, ಆಮ್ಯಾಲ "ವಿಷಯ ನಂಬರ್ ಇಷ್ಟರಿಂದ ಇಷ್ಟರ ತನಕ ಮಂಜೂರು" ಅಂತ ಒಂದೇ ಉಸಿರಿನಾಗ ಆಗಿಹೋಗ್ತದ. ಹಿಂಗಾಗಿ ನಿಮ್ಮ ಮಾತು ಸ್ಥಾಯಿ ಸಮಿತಿಗೆ ಮುಟ್ಟಬೇಕು, ಡಿಸೆಂಬರ್ ಜನೆವರಿಯಾಗ. ಕಾರ್ಪೊರೇಟರ್ ಮನಿಗೆ ಹತ್ತು ಮಂದಿ ಹೋಗ್ರಿ, ನಿಮ್ಮಂಥ ಸಣ್ಣ ಖಾನಾವಳಿಯವರೇ ಹೋಗ್ರಿ, ಅರ್ಧ ಹಾಳಿ ಅರ್ಜಿ ಸಾಕು: ನಮ್ಮ ಜಾಗ ಇಷ್ಟು ಚದರ ಅಡಿ, ಈಗಿನ ಫೀ ಇಷ್ಟು, ಇಷ್ಟು ಅಡಿಗಿಂತ ಕಮ್ಮಿ ಇದ್ದಾವರಿಗೆ ಬ್ಯಾರೆ ದರ ಹಾಕ್ರಿ. ಒಂದು ಕಾಪಿ ಕಮಿಷನರ್ ಆಫೀಸಿನ ಆವಕದಾಗ (ಬಂದ ಅರ್ಜಿ ತಗೊಳ್ಳೋ ಟೇಬಲ್) ಕೊಟ್ಟು ಸಿಕ್ಕಾ ಹಾಕಸ್ಕೊಳ್ರಿ. ಸಿಕ್ಕಾ ಇಲ್ಲದ ಅರ್ಜಿ ಕೊಟ್ಟಂಗಲ್ಲ.

ಠರಾವು ಆಗಿಹೋಗ್ಯದ ಅಂದ್ರ ಅದರ ಕಾಪಿ ಮಾಹಿತಿ ಹಕ್ಕಿನಾಗ ಕೇಳ್ರಿ, 10 ರೂಪಾಯಿ ಫೀ, 30 ದಿನದಾಗ ಉತ್ತರ. ನಮ್ಮ ರಾಜ್ಯದ ನಿಯಮದಾಗ ಅರ್ಜಿ 150 ಶಬ್ದ ದಾಟಬಾರ್ದು, ಒಂದೇ ವಿಷಯ ಇರಬೇಕು, ಮಂದಿ ಇಲ್ಲೇ ಎಡವಿ ಬೀಳ್ತಾರ, ಗಟಾರದಿಂದ ಹಿಡಕೊಂಡು ಶಟಲ್ ತನಕ ಒಂದೇ ಅರ್ಜಿಯಾಗ ಬರೀತಾರ. ನೀವು ಹಿಂಗ ಬರೀರಿ: "ಇಂಥಾ ವರ್ಷಕ್ಕೆ ಹೋಟೆಲ್, ಖಾನಾವಳಿಗಳ ಉದ್ದಿಮೆ ಪರವಾನಗಿ ಶುಲ್ಕ ನಿಗದಿ ಮಾಡಿದ ಸಭೆಯ ಠರಾವಿನ ಮತ್ತು ದರಪಟ್ಟಿಯ ದೃಢೀಕೃತ ಪ್ರತಿ ನೀಡುವುದು." ಇಷ್ಟೇ ಸಾಕು. ಶಟಲ್ ಕೋರ್ಟಿಂದು ಕೇಳೋದಿದ್ರ ಇನ್ನೊಂದು ಅರ್ಜಿ, ಇನ್ನೊಂದು ಹತ್ತು ರೂಪಾಯಿ. ಅದನ್ನ ಮಗನ ಕೈಲೇ ಬರಸ್ರಿ, ಹತ್ತನೇತ್ತಿನಾಂವಗ ಪತ್ರಲೇಖನಾನೂ ಆಗ್ತದ.

ಲೈಸೆನ್ಸ್ ಬಂದ ಮ್ಯಾಲ ಒಲಿ ಮಗ್ಗಲದ ಗ್ವಾಡಿಗೆ ಹಚ್ಚಬ್ಯಾಡ್ರಿ, ವರ್ಷ ತುಂಬೋದ್ರಾಗ ಹೊಗಿಗೆ ನಂಬರ್ ಕಾಣ್ಸಂಗಿಲ್ಲ, ರಿನ್ಯೂವಲ್‌ಗೆ ಅದೇ ನಂಬರ್ ಕೇಳ್ತಾರ.